ಕತ್ತಿನ ಆಪರೇಷನ್‌ಗೆ ಮಾಸ್ತಮ್ಮ ಒಪ್ಪಿದ್ದು

ತದಡಿಯ ಮಾಸ್ತಮ್ಮ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಾಗ ಬಲಗೈ ಸೋತಿತು, ಮಾತು ನಿಂತಿತು. ಹತ್ತು ನಿಮಿಷಕ್ಕೆ ಎಲ್ಲ ಸರಿಯಾಯಿತು. ಆದರೂ ಆಶಾ ಕಾರ್ಯಕರ್ತೆ ಕಲ್ಪನಾ ಅವಳನ್ನು ಬಿಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅದು ಲಕ್ವದ ಮುನ್ಸೂಚನೆ, ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಮುಕ್ಕಾಲು ಪಾಲು ಕಟ್ಟಿದೆ, ಎರಡು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದು ಎಂದರು ಡಾಕ್ಟರು.

ಐದು ದಿನ ಕಳೆಯಿತು. ಅಮಾವಾಸ್ಯೆ ಮುಗಿಯಲಿ, ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳಿ ದೇವರ ಒಪ್ಪಿಗೆ ಇದೆಯೋ ನೋಡುವ ಎಂದಿದ್ದ ಗಂಡ ರಮಾಕಾಂತ.

ಕಲ್ಪನಾ ಮನೆಗೆ ಬಂದವಳೇ ಡಾಕ್ಟರು ದಿನಾ ನುಂಗಲು ಕೊಟ್ಟಿದ್ದ ಗುಳಿಗೆ ನೋಡಿದಳು. "ಎಂತ ಮಾಸ್ತಕ್ಕ, ಎರಡೇ ಖಾಲಿ ಆಗಿದ್ದು?"

"ಬಳಚಿನ ಚಿಪ್ಪು ತಾಗಿ ಬೆರಳು ಕೊಯ್ದುಹೋತು. ರಕ್ತ ನಿಲ್ಲೂದೇ ಇಲ್ಲ. ಗುಳಿಗೆ ಬಿಟ್ಟೆ."

"ಇಷ್ಟಾದ ಮೇಲೂ ಹೊಳೆಗೆ ಇಳಿದ್ರಿ? ರಕ್ತ ಹೆಪ್ಪು ಕಟ್ಟಬಾರ್ದು ಅಂತ್ಲೇ ಆ ಗುಳಿಗೆ. ಬೆರಳು ಒತ್ತಿ ಹಿಡಿದ್ರೆ ಆತು. ಡಾಕ್ಟ್ರಿಗೆ ಕೇಳ್ದೆ ಗುಳಿಗೆ ಬಿಡೂಕಾಗ."

"ಆರಾಮಿದ್ದವಳ ಕುತ್ತಿಗೆ ಕೊಯ್ಸೂದು ಎಂತಕ್ಕೆ?" ಎಂದ ರಮಾಕಾಂತ. "ಅಲ್ಲೇ ಏನಾದ್ರೂ ಆದ್ರೆ?"

"ಆಗೂದೇ ಇಲ್ಲ ಅಂತ ನಾ ಹೇಳೂದಿಲ್ಲ ಭಾವ. ಆಪರೇಷನ್ನಿಂದ್ಲೇ ನೂರರಲ್ಲಿ ನಾಲ್ಕಾರು ಜನಕ್ಕೆ ಲಕ್ವ ಹೊಡೀಬಹುದು ಅಂತ ಡಾಕ್ಟ್ರೇ ಹೇಳಿದ್ರು. ಬರೀ ಗುಳಿಗೆ ಸಾಕು ಅಂತ ಬಿಟ್ರೆ, ಇಷ್ಟು ಕಟ್ಟಿದವ್ರಲ್ಲಿ ಕೆಲವೇ ವರ್ಷಕ್ಕೆ ನೂರರಲ್ಲಿ ಇಪ್ಪತ್ತರ ಆಸುಪಾಸು ಜನಕ್ಕೆ ಲಕ್ವ ಹೊಡೀತದೆ. ಅರ್ಧಕ್ಕಿಂತ ಕಡಿಮೆ ಕಟ್ಟಿದ್ರೆ ಆಪರೇಷನ್ ಬೇಡವೇ ಬೇಡ." ನಂತರ ಅವಳು ಮಾಸ್ತಮ್ಮನ ಕಡೆ ತಿರುಗಿದಳು. "ನಿಮಗೆಂತ ಅನ್ನಿಸ್ತದೆ ಮಾಸ್ತಕ್ಕ?"

ಇಷ್ಟು ದಿನ ಯಾರೂ ಇದನ್ನು ಮಾಸ್ತಮ್ಮನನ್ನು ಕೇಳಿರಲಿಲ್ಲ. ಉತ್ತರ ಮಾತ್ರ ಅವಳೊಳಗೆ ಎಂದೋ ಸಿದ್ಧವಿತ್ತು.

"ಸಾಯೂದಕ್ಕೆ ಹೆದರಿಕೆ ಇಲ್ಲ. ಆ ಹತ್ತು ನಿಮಿಷ ಇವರ ಹೆಸರು ಒಳಗೆ ಗೊತ್ತಿತ್ತು, ಬಾಯಿಗೆ ಬರ್ಲಿಲ್ಲ. ಹಾಗೇ ವರ್ಷಗಟ್ಟಲೆ ಬಿದ್ದಿರೂದು ನನ್ನಿಂದಾಗ. ನಾಲ್ಕಾರರ ಹೆದರಿಕೆ ನಾ ಹೊತ್ಕಳ್ತೆ."

"ನನ್ನ ಹೆಸರು ನೀನು ಕರೆದದ್ದಾದ್ರೂ ಯಾವಾಗ?" ಎಂದು ರಮಾಕಾಂತ ನಗಲು ನೋಡಿದ. ನಗು ಬರಲಿಲ್ಲ. "ನಾಳೆ ಕಾಯಿ ಒಡೆಸಿ ಹೊರಡ್ವ. ಪ್ರಸಾದ ಕೇಳೂದು ಬೇಡ" ಎಂದ.

ಮರುದಿನ ಅವನೇ ಡಾಕ್ಟರನ್ನು ಕೇಳಿದ: "ನೀವು ಮಾಡಿದವ್ರಲ್ಲಿ ಎಷ್ಟು ಜನಕ್ಕೆ ತೊಂದರೆ ಆತು?" ಅವರು ಮುಚ್ಚಿಡದೆ ಹೇಳಿದರು. ಆಪರೇಷನ್ ಆದರೂ ಗುಳಿಗೆ ಮುಂದುವರಿಸಬೇಕೆಂದರು. ಒಪ್ಪಿಗೆ ಪತ್ರಕ್ಕೆ ಮಾಸ್ತಮ್ಮ ತಾನೇ ಸಹಿ ಹಾಕಿದಳು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಕೈ ಸೋತರೆ, ಬಾಯಿ ವಾಲಿದರೆ, ಮಾತು ತೊದಲಿದರೆ, ತಾನಾಗಿ ಸರಿಹೋದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕತ್ತಿನ ನಾಳ ನೋಡಿಸಿ. ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕೆಂದರೆ ಲಾಭವನ್ನೂ ಅಪಾಯವನ್ನೂ ಡಾಕ್ಟರ ಬಾಯಿಂದಲೇ ಕೇಳಿಕೊಳ್ಳಿ, ದಿನ ಕಳೆಯಬೇಡಿ. ಮತ್ತೆ, ಕತ್ತು ಯಾರದೋ ಅವರನ್ನು ಮೊದಲು ಕೇಳಿ.