ಸುಸ್ತಿನ ಪಾಲು

ತುಕ್ಕು ಹಿಡಿದ ನಲ್ಲಿಯನ್ನು ಬಹಳ ದಿನದ ಮೇಲೆ ತಿರುಗಿಸಿದರೆ ಮೊದಲು ಬರುತ್ತದಲ್ಲ, ಆ ನೀರಿನ ಬಣ್ಣ, ಟೀ ಅಲ್ಲ, ಕಾಫಿಯೂ ಅಲ್ಲ, ಹನಿ ತುದಿಯಲ್ಲಿ ದಪ್ಪವಾಗುತ್ತದೆ, ಬೀಳಲೋ ಬೇಡವೋ ಎನ್ನುತ್ತದೆ, ಬೀಳುತ್ತದೆ, ಮತ್ತೊಂದು — ನಳಿಗೆಯೊಳಗೆ ಇಳಿದು ಅವಳ ಮೊಣಕೈಯ ಹತ್ತಿರ ಮೈಯೊಳಕ್ಕೆ ಹೋಗುತ್ತಿದೆ, ಹೋಗುವುದು ಗೊತ್ತಾಗುವುದಿಲ್ಲ, ತಣ್ಣನೆಯ ದಾರದೆಳೆಯೊಂದು ಭುಜದ ಕಡೆಗೆ ಹತ್ತಿದ ಹಾಗೆ, ಅಷ್ಟೇ, ಮತ್ತೆ ಬಾಯಲ್ಲಿ ಗುಂಡುಸೂಜಿಯ ರುಚಿ. ಬಾಯಲ್ಲೇ ಒಂದು ಬಿಟ್ಟುಕೊಂಡು ಬಂದೆನೇ ಎಂದು ನಾಲಿಗೆ ತುಟಿಯ ಒಳಗೆಲ್ಲ ತಡಕಾಡಿತು, ಇಲ್ಲ, ಅರ್ಧ ಆಯುಸ್ಸನ್ನು ಹೊಲಿಗೆ ಅಂಗಡಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕಳೆದವಳು, ಗಿರಾಕಿಗಳಿಗೆ ಹೂಂ ಉಹೂಂ ಬಿಟ್ಟರೆ ಉತ್ತರವಿಲ್ಲ, ಪ್ಯಾಂಟು ಗಿಡ್ಡ ಮಾಡಬಹುದಾ, ಹೂಂ, ನಾಳೆ ಸಿಗುತ್ತಾ, ಉಹೂಂ — ಆ ರುಚಿಯೇ ಈಗ ರಕ್ತದೊಳಗಿಂದ ನಾಲಿಗೆಗೆ ಬರುತ್ತಿದೆ. ಬಾಯೆಲ್ಲಾ ಒಂಥರಾ ಆಗುತ್ತಾ ಅಕ್ಕಾ, ಕೆಲವರಿಗೆ ಹಾಗಾಗುತ್ತೆ, ನರ್ಸು ಹನಿಯ ವೇಗ ಸರಿಮಾಡುತ್ತಾ ಹೇಳಿದಳು, ಕೈ ಮಾತ್ರ ಅಲ್ಲಾಡಿಸ್ಬೇಡಿ, ಸೂಜಿ ಜರುಗಿ ಈ ಕಬ್ಬಿಣದ ಔಷಧಿ ಚರ್ಮದೊಳಗೆ ಸೋರಿದ್ರೆ ಕಂದು ಕಲೆ ಉಳಿದುಬಿಡುತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ಬಟ್ಟೆಯ ಮೇಲಿನ ತುಕ್ಕಾದರೆ ಅವಳಿಗೆ ಗೊತ್ತು, ನಿಂಬೆರಸ, ಉಪ್ಪು, ಬಿಸಿಲು, ಮೈಯ ಮೇಲಿನದಕ್ಕೆ ಯಾವ ಬಿಸಿಲು. ಕೈಯನ್ನು ಬೇರೆ ಯಾರದೋ ಕೈಯ ಹಾಗೆ ದಿಂಬಿನ ಮೇಲೆ ಇಟ್ಟುಕೊಂಡಿದ್ದಾಳೆ. ಕಿಟಕಿಯ ಪರದೆಯ ಅಂಚನ್ನು ಓರೆಯಾಗಿ ಮಡಿಚಿ ಹೊಲಿದಿದ್ದಾರೆ, ಬಲಗಡೆ ಒಂದು ಬೆರಳಷ್ಟು ಇಳಿದಿದೆ, ಯಾರೋ ಅವಸರದಲ್ಲಿ, ಬಿಚ್ಚಿ ಹೊಲಿಯಬೇಕು, ಮಗಳು ಇನ್ನೂ ಬರಲಿಲ್ಲ. ಕೆಳಗೆ ಲ್ಯಾಬಿಗೆ ಹೋಗಿದ್ದಾಳೆ, ನಿನ್ನೆ ಅವಳೂ ರಕ್ತ ಕೊಟ್ಟಿದ್ದಳು, ಏನಂತೆ ಕೇಳ್ಕೊಂಡು ಬರ್ತೀನಿ, ನೀನು ಒಂದು ನಿದ್ದೆ ಮಾಡಮ್ಮ, ಎಂದು ಹೋದವಳು. ಮಗಳ ರಕ್ತ ಕಡಿಮೆ ಇರಲಿ ದೇವರೇ. ಇದ್ದಕ್ಕಿದ್ದಂತೆ ಕೇಳಿಕೊಂಡೇಬಿಟ್ಟಳು, ಕೇಳಿಕೊಂಡ ಮೇಲೆ ಗಾಬರಿಯಾಯಿತು, ಯಾವ ತಾಯಿ ಹೀಗೆ ಬೇಡಿಕೊಳ್ಳುತ್ತಾಳೆ, ಆದರೂ ಇನ್ನೊಂದು ಸಲ, ಕಡಿಮೆ ಇರಲಿ, ನನಗಿಂತ ಕಡಿಮೆಯಿದ್ದರೂ ಚಿಂತೆಯಿಲ್ಲ, ಇದೇ ಕುರ್ಚಿಯಲ್ಲಿ ಕೂರಿಸಿ ಇದೇ ಕೆಂಪು ನೀರು ಹತ್ತಿಸಿದರೆ ಹೋಗುವಂಥದ್ದಾಗಿರಲಿ.

ಅವಳಿಗಿರುವ ಇನ್ನೊಂದು ಹೋಗುವಂಥದ್ದಲ್ಲ. ಅದಕ್ಕೆ ಉದ್ದನೆಯ ಹೆಸರು, ಮೈಟೋಕಾಂಡ್ರಿಯಾದ ಕಾಯಿಲೆ, ನರದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು, ನಮ್ಮ ಮೈಯ ಒಂದೊಂದು ಕಣದಲ್ಲೂ ಪುಟ್ಟ ಪುಟ್ಟ ಒಲೆಗಳಿರ್ತವೆ ಅಂದ್ಕೊಳ್ಳಿ, ತಿಂದಿದ್ದನ್ನ ಶಕ್ತಿ ಮಾಡೋದು ಅವೇ, ನಿಮ್ಮಲ್ಲಿ ಸುಮಾರು ಒಲೆಗಳು ಸರಿಯಾಗಿ ಉರಿಯಲ್ಲ — ತೊಡೆಯಿಂದ ಕಡಲೆಕಾಳಿನಷ್ಟು ಮಾಂಸ ತೆಗೆದು ನೋಡಿದ ಮೇಲೆ ಹೇಳಿದ ಮಾತು — ನಿಮಗಿರೋ ಬಗೆ ತಾಯಿಯಿಂದ್ಲೇ ಬರೋದು, ತಂದೆ ಕಡೆಯಿಂದ ಬರಲ್ಲ. ಅಂದು ಮೆಟ್ಟಿಲು ಇಳಿಯುವಾಗ ಗಂಡ ತಮಾಷೆ ಮಾಡಲು ಹೋದ, ಅಮ್ಮ ನಂಗೇನೂ ಕೊಡ್ಲಿಲ್ಲ ಅಂತಿದ್ಯಲ್ಲೇ, ನೋಡು, ಇಷ್ಟು ದೊಡ್ಡ ಆಸ್ತಿ ಬಿಟ್ಟುಹೋಗಿದ್ದಾರೆ, ಅವಳೂ ನಕ್ಕಳು, ಆಮೇಲೆ ಇಬ್ಬರೂ ಒಟ್ಟಿಗೇ ನಗು ನಿಲ್ಲಿಸಿದರು, ಹಿಂದೆಯೇ ಒಂದು ಮೆಟ್ಟಿಲು ಮೇಲೆ ಮಗಳು ಇಳಿದು ಬರುತ್ತಿದ್ದಳು. ಆಗ ಎರಡು ಜಡೆಯ ಹುಡುಗಿ, ಈಗ ಕಾಲೇಜು ಮುಗಿಸುತ್ತಿದ್ದಾಳೆ, ನಿಂಗೂ ಆ ಪರೀಕ್ಷೆ ಮಾಡಿಸೋಣ್ವಾ ಎಂದರೆ, ಇದ್ರೆ ಇರುತ್ತಮ್ಮ, ಬಂದಾಗ ನೋಡ್ಕೊಂಡ್ರಾಯ್ತು, ಈಗ್ಲೇ ಕರೆದು ಮಣೆ ಹಾಕೋದ್ಯಾಕೆ, ಎಂದು ಎದ್ದುಹೋಗುತ್ತಾಳೆ, ಒಳಗೆ ಹೋಗಿ ಹಾಡು ಜೋರಾಗಿ ಹಾಕುತ್ತಾಳೆ.

ಈ ವರ್ಷದ ಸುಸ್ತು ಬೇರೆ ನಮೂನೆಯದು. ಹಳೆಯ ಸುಸ್ತನ್ನು ಅವಳು ಬಲ್ಲಳು, ಕೆಲಸ ಮಾಡಿದ ಮೇಲೆ ಬಂದು ಕಾಲಿಗೆ ಮರಳಿನ ಚೀಲ ಕಟ್ಟುತ್ತದೆ, ಕೂತರೆ ನಿಧಾನವಾಗಿ ಬಿಚ್ಚುತ್ತದೆ, ಇದು ಕೂತಲ್ಲೇ ಎದೆಯನ್ನು ಡವಡವ ಅನ್ನಿಸುತ್ತದೆ, ಕಿವಿಯಲ್ಲಿ ಮೆಷಿನ್ನು ಓಡಿದ ಸದ್ದು, ಇಸ್ತ್ರಿಪೆಟ್ಟಿಗೆ ಎತ್ತಿದರೆ ಕಣ್ಣಿಗೆ ಕತ್ತಲೆ, ಉಗುರು ತೆಳ್ಳಗಾಗಿ ಚಮಚದ ಹಾಗೆ ಗುಳಿಬಿದ್ದು ನೆಲದ ಮೇಲಿನ ಗುಂಡುಸೂಜಿ ಹೆಕ್ಕಲಾಗದೆ ಅಯಸ್ಕಾಂತ ಇಟ್ಟುಕೊಂಡಳು. ಮತ್ತೆ ಆ ಐಸಿನ ಚಟ, ಫ್ರಿಜ್ಜಿನಿಂದ ತೆಗೆತೆಗೆದು ಕಟಕಟ ಅಗಿಯುವುದು, ಇದೇನೇ, ಒಳಗೆ ಕಲ್ಲು ಒಡೀತಿದ್ಯಾ, ಎಂದು ಗಂಡ. ಕೋಟು ಸಡಿಲ ಮಾಡಿಸಲು ಬಂದ ಬ್ಯಾಂಕಿನ ಹೆಂಗಸು, ಎಷ್ಟು ಬೆಳ್ಳಗಾಗಿಬಿಟ್ಟಿದ್ದೀರಲ್ರೀ, ಯಾವ ಕ್ರೀಮು, ನಂಗೂ ಹೇಳಿ, ಎಂದಳು, ಬಾಯ ತುಂಬ ಗುಂಡುಸೂಜಿ, ಹೂಂ ಎಂದಳು. ಕಾಯಿಲೆ ಬಲಿಯಿತು, ಇನ್ನು ಇಷ್ಟೇ, ಎಂದು ಮನಸ್ಸು ಗಟ್ಟಿಮಾಡಿಕೊಂಡು ಹೋದರೆ ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಗದರಿದರು, ಎಲ್ಲಾನೂ ಆ ಕಾಯಿಲೆ ತಲೆಗೇ ಕಟ್ಟಬೇಡಿ ಅಂತ ಎಷ್ಟ್ ಸಲ ಹೇಳ್ಲಿ, ರಕ್ತ ನೋಡೋಣ ಮೊದ್ಲು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ತಿಂಗಳು ತಿಂಗಳೂ ಜಾಸ್ತಿ ಹೋಗ್ತಿತ್ತಾ, ಹೂಂ, ಬಾಯಿಬಿಟ್ಟು ಹೇಳ್ಬಾರ್ದಾ. ಆದರೂ ತಕ್ಷಣ ಕಬ್ಬಿಣ ಕೊಡಲಿಲ್ಲ, ಈ ಥರದ ಕಾಯಿಲೆ ಇರೋರಲ್ಲಿ ಕೆಲವರಿಗೆ ಮೈಯಲ್ಲಿ ಕಬ್ಬಿಣ ಇರುತ್ತೆ, ಅದನ್ನ ರಕ್ತ ಮಾಡ್ಕೊಳ್ಳೋಕೆ ಆಗಲ್ಲ, ಅಂಥೋರಿಗೆ ಮತ್ತೆ ಮತ್ತೆ ತುಂಬಿದ್ರೆ ಅದೇ ವಿಷ, ನಿಮ್ಮ ಮೈಯ ಉಗ್ರಾಣದಲ್ಲಿ ಎಷ್ಟಿದೆ ನೋಡ್ಬೇಕು. ನೋಡಿದರು. ಖಾಲಿ. ಖಾಲಿ ಎಂದಾಗ ಅವಳಿಗೆ ಕುಣಿಯುವಷ್ಟು ಸಂತೋಷ, ಖಾಲಿಯಾದದ್ದನ್ನು ತುಂಬಬಹುದಲ್ಲ. ಮಾತ್ರೆ ನುಂಗಿದಳು, ಮೊದಲೇ ನಿಧಾನದ ಕರುಳು ಅದನ್ನು ಕಲ್ಲು ಮಾಡಿಕೊಂಡು ಕೂತಿತು, ವಾಂತಿ, ಊಟ ಸೇರದು, ಊಟ ತಪ್ಪಿದರೆ ಆ ಇನ್ನೊಂದು ಕಾಯಿಲೆ ಹಲ್ಲು ಮಸೆಯುತ್ತದೆ, ಒಲೆನೇ ಸರಿ ಇಲ್ಲ, ಅದಕ್ಕೆ ಸೌದೆನೂ ಹಾಕದಿದ್ರೆ ಹೇಗ್ರೀ, ಎಂದು ಡಾಕ್ಟರಮ್ಮ. ನೆಂಟರೆಲ್ಲ ಬೀಟ್ರೂಟು ತಂದು ಸುರಿದರು, ತಿಂದೂ ತಿಂದೂ ನಾಲಿಗೆಯೊಂದು ಕೆಂಪಾಯಿತು. ಕಡೆಗೆ ಈ ಬಾಟಲಿ, ಇದು ಎರಡನೆಯದು, ಮೊದಲನೆಯದು ಹತ್ತಿದ ಮೇಲೆ ಒಂದು ದಿನ ಫ್ರಿಜ್ಜಿನ ಬಾಗಿಲು ತೆಗೆದು ಐಸು ನೋಡಿದರೆ ಆಸೆಯೇ ಇಲ್ಲ, ಬರೀ ಐಸು. ಕಬ್ಬಿಣದ ಪಾಲಿನ ಸುಸ್ತು ಹೋಗುತ್ತೆ, ಕಾಯಿಲೆ ಪಾಲಿನದು ಉಳ್ಕೊಳ್ಳುತ್ತೆ, ಜಾಸ್ತಿ ಆಸೆ ಇಟ್ಕೋಬೇಡಿ, ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆ ಮಾತು ಅವಳಿಗೆ ಹಿಡಿಸಿತ್ತು, ಸುಸ್ತನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದ ಹಾಗೆ, ಇದು ಅದರದ್ದು, ಇದು ಇದರದ್ದು.

ಅಮ್ಮನ ಸುಸ್ತನ್ನು ಯಾರೂ ಹೀಗೆ ಕತ್ತರಿಸಿ ನೋಡಲಿಲ್ಲ. ಅಮ್ಮ ಬಳಪ ತಿನ್ನುತ್ತಿದ್ದಳು, ಆಗ ಶಾಲೆಗೆ ಹೋಗುತ್ತಿದ್ದ ಅವಳ ಚೀಲದಿಂದ ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು, ಬೆನ್ನು ತಿರುಗಿಸಿ, ಆ ಸದ್ದು, ಹಲ್ಲಿನಡಿ ಬಳಪ ಪುಡಿಯಾಗುವ ಸದ್ದು — ಐಸು ಅಗಿಯುವಾಗ ತನ್ನ ದವಡೆಯೊಳಗೆ ಅದನ್ನೇ ಕೇಳಿ ಅವಳು ಒಮ್ಮೆ ಅಡುಗೆಮನೆಯಲ್ಲಿ ಹಿಂತಿರುಗಿ ನೋಡಿದ್ದಳು. ಬಸುರಿ ತಿಂದ್ರೆ ಬಯಕೆ ಅನ್ನಬಹುದು, ಇವಳಿಗೆ ಇದ್ಯಾವ ಬಯಕೆಯೋ, ಅಜ್ಜಿ ನಗುತ್ತಿದ್ದರು. ಹಾಗಾದರೆ ಅಮ್ಮನಿಗೂ ರಕ್ತ ಕಡಿಮೆ ಇತ್ತು. ಅಮ್ಮನ ಉಗ್ರಾಣವೂ ಖಾಲಿ ಇತ್ತು. ಆ ಪಾಲಾದರೂ ಹೋಗಿಸಬಹುದಿತ್ತು, ಒಂದು ಬಾಟಲಿ, ಎರಡು ಬಾಟಲಿ, ಬದಲಿಗೆ ಎಲ್ಲರೂ ಕೊಟ್ಟದ್ದು ಒಂದೇ ಮಾತು, ಏಳು. ಏಳೇ, ಬೆಳಗಾಯ್ತು, ಅಜ್ಜಿ. ಏಳು, ಜನ ಬಂದಿದ್ದಾರೆ, ಅಪ್ಪ. ಮತ್ತೆ ಕೂತ್ಯಾ, ಏಳು. ಅಮ್ಮ ಏಳುತ್ತಿದ್ದಳು, ಎರಡೂ ಅಂಗೈ ಮಂಡಿಯ ಮೇಲಿಟ್ಟು, ತನ್ನನ್ನೇ ತಾನು ಬಾವಿಯಿಂದ ಸೇದಿಕೊಂಡ ಹಾಗೆ, ಒಂದು ಮಧ್ಯಾಹ್ನ ಅಡುಗೆಮನೆಯ ಮೋಟು ಬೆಂಚಿನ ಮೇಲೆ ಕೂತವಳು ಯಾರು ಏಳು ಎಂದರೂ ಏಳಲಿಲ್ಲ, ಹೃದಯ ಅಂದರು. ಕಣ್ಣು ಮುಚ್ಚಿಕೊಳ್ಳಬೇಕು, ನಿದ್ದೆ ಮಾಡು ಎಂದಿದ್ದಾಳೆ ಮಗಳು. ಆದರೆ ತನ್ನ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಆ ಕಾಯಿಲೆಯಿಂದ ಜೋತುಬಿದ್ದಿದ್ದ ರೆಪ್ಪೆಗಳನ್ನು ಹಣೆಯ ಸ್ನಾಯುವಿಗೆ ದಾರ ಕೊಟ್ಟು ಎತ್ತಿ ಕಟ್ಟಿದ್ದಾರೆ, ನಿಮ್ಮದೂ ನಮ್ಮದೂ ಒಂದೇ ಕಸುಬು ಕಣಮ್ಮ, ಸ್ವಲ್ಪ ಬಿಗಿ ಹಿಡಿದಿದ್ದೀನಿ, ಎಂದು ಆ ಕಣ್ಣಿನ ಡಾಕ್ಟರು ನಕ್ಕಿದ್ದರು, ಅಂದಿನಿಂದ ಮುಚ್ಚಿದ ಕಣ್ಣಿನ ಕೆಳಗೂ ಬೆಳಕಿನ ಒಂದು ಸೀಳು ಉಳಿದೇ ಇರುತ್ತದೆ, ಆ ಸೀಳಿನಲ್ಲಿ ಅಮ್ಮ ಬರುತ್ತಾಳೆ. ಅಮ್ಮನ ರೆಪ್ಪೆಗಳನ್ನು ಯಾರೂ ಎತ್ತಿ ಕಟ್ಟಲಿಲ್ಲ, ಅರ್ಧ ಕಣ್ಣು ಮುಚ್ಚಿಯೇ ಇರುತ್ತಿದ್ದವು, ಹಾಗಾಗಿ ಯಾರನ್ನಾದರೂ ನೋಡಬೇಕಾದರೆ ಗಲ್ಲ ಎತ್ತುತ್ತಿದ್ದಳು, ರೆಪ್ಪೆಯ ಕೆಳಗಿನಿಂದ ನೋಡಲು, ಬೇರೆ ದಾರಿಯಿರಲಿಲ್ಲ — ಮೈಯಲ್ಲಿ ಒಂದು ಹಿಡಿ ತ್ರಾಣವಿಲ್ಲ, ಗತ್ತು ನೋಡಿ ಗತ್ತು, ಪಕ್ಕದ ಮನೆಯವರು, ಎಲ್ಲರನ್ನೂ ಮೂಗಿನ ಮೇಲಿಂದ ನೋಡ್ತಾಳೆ, ಮಹಾರಾಣಿ. ಮಹಾರಾಣಿ ಎಂದೇ ಬೀದಿಯಲ್ಲಿ ಹೆಸರು. ಫೋಟೊಗಳಲ್ಲೂ ಎಲ್ಲರಿಗಿಂತ ಒಂದು ಗೇಣು ಮೇಲೆ ಅಮ್ಮನ ಗಲ್ಲ.

ಮಗಳು ಇನ್ನೂ ಬರಲಿಲ್ಲ, ಲಿಫ್ಟಿನ ಮುಂದೆ ಜನವಿರಬೇಕು, ಮೆಟ್ಟಿಲು ಹತ್ತಿ ಬರುತ್ತಿದ್ದಾಳೇನೋ, ಮೆಟ್ಟಿಲು ಬೇಡ. ಮನೆ ಅಂಗಡಿಯ ಮೇಲೆಯೇ, ಕೂತಲ್ಲಿಗೇ ಮೆಟ್ಟಿಲು ಕಾಣುತ್ತದೆ, ಮಗಳು ಎರಡೆರಡು ಮೆಟ್ಟಿಲು ಹಾರುತ್ತಿದ್ದವಳು, ಬೇಸಿಗೆ ಕಳೆದ ಮೇಲೆ ತಿರುವಿನಲ್ಲಿ ನಿಲ್ಲತೊಡಗಿದಳು, ಫೋನ್ ತೆಗೆದು ನೋಡುತ್ತಾ, ಈಗಿನ ಮಕ್ಕಳಿಗೆ ಮೆಟ್ಟಿಲ ಮೇಲೂ ಫೋನು ಎಂದುಕೊಂಡಿದ್ದಳು, ಒಂದು ಸಂಜೆ ಕೆಳಗಿನಿಂದ ಕಂಡಿತು, ಫೋನಿನ ಗಾಜು ಕಪ್ಪಗಿತ್ತು, ದೀಪವೇ ಇರಲಿಲ್ಲ, ಕಪ್ಪು ಗಾಜನ್ನು ನೋಡುತ್ತಾ ಮಗಳು ಉಸಿರಿಗಾಗಿ ಕಾಯುತ್ತಿದ್ದಳು. ಏನೇ, ಸುಸ್ತಾ. ಏನಿಲ್ಲಮ್ಮ, ನಂಗೂ ನಿನ್ ಥರ ರಕ್ತ ಕಮ್ಮಿ ಇರ್ಬೇಕು, ಅಷ್ಟೇ, ಇಬ್ರೂ ಒಟ್ಟಿಗೆ ಬಾಟಲಿ ಹಾಕಿಸ್ಕೊಳ್ಳೋಣ. ಎಷ್ಟು ಹಗುರಾಯಿತು ಆಗ, ರಕ್ತ ಕಡಿಮೆ, ಎಂಥ ಒಳ್ಳೆಯ ಮಾತು, ಯಾವ ಮನೆಯಲ್ಲಿಲ್ಲ ಅದು. ಕೈ ಹಿಡಿದು ಉಗುರು ನೋಡಿದಳು, ನೋಡಬಾರದಿತ್ತು, ಗಟ್ಟಿಯಾದ, ಉಬ್ಬಿದ, ಗುಲಾಬಿ ಉಗುರುಗಳು. ಐಸ್ ತಿನ್ಬೇಕು ಅನ್ಸುತ್ತಾ ನಿಂಗೆ, ಎಂದು ಕೇಳಿಯೂ ಕೇಳಿದಳು. ಹುಚ್ಚಾ ನಿಂಗೆ, ಹಲ್ಲು ಜುಂ ಅನ್ನುತ್ತೆ. ಒಂದೇ ಒಂದು ಚೂರು ತಿಂದು ನೋಡೇ. ಅಯ್ಯೋ ಹೋಗಮ್ಮ. ಆದರೂ ಕಡಿಮೆ ಇರಬಹುದು, ಎಲ್ಲರಿಗೂ ಐಸಿನ ಆಸೆ ಆಗಲೇಬೇಕೆಂದೇನಿಲ್ಲ, ಉಗುರು ಆಮೇಲೆ ಗುಳಿಬೀಳಬಹುದು, ದೇವರೇ ಹತ್ತಕ್ಕಿಂತ ಕೆಳಗಿರಲಿ — ಹನಿ ದಪ್ಪವಾಗುತ್ತದೆ, ಬೀಳುತ್ತದೆ, ಬೆಳಕಿನ ಸೀಳಿನಲ್ಲಿ ದೂರದ ಬಾಗಿಲು ತೆರೆದುಕೊಂಡಿತು, ಯಾರೋ ನಿಂತು ಸಾಲು ಕುರ್ಚಿಗಳಲ್ಲಿ ಯಾರನ್ನೋ ಹುಡುಕುತ್ತಿದ್ದಾರೆ, ಗಲ್ಲ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಅಮ್ಮ ಬಂದಳು ಎಂದುಕೊಂಡಳು, ಎಷ್ಟು ಸಹಜವಾಗಿ ಎಂದುಕೊಂಡಳು, ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತಲಿಂದಲೇ ಕರೆ ಬಂತು, ಅಮ್ಮಾ. ಮಗಳು.

ನಾರ್ಮಲ್ ಅಮ್ಮಾ, ಹದಿಮೂರೂವರೆ, ಮಗಳು ಹತ್ತಿರ ಬಂದು ಹೇಳಿದಳು, ಉಗ್ರಾಣನೂ ಫುಲ್ಲಂತೆ, ನಿಂಗೇ ಬೇಕಾದ್ರೆ ಸಾಲ ಕೊಡ್ತೀನಿ, ನಕ್ಕಳು, ನಗು ಅರ್ಧದಲ್ಲಿ ತಾಯಿಯ ಮುಖ ನೋಡಿತು, ಯಾರೂ ಏನೂ ಕೇಳುವ ಮೊದಲೇ, ಹಾಗಾದ್ರೆ ಬರೀ ಓದಿನ ಸುಸ್ತು ಅಷ್ಟೇ, ಪರೀಕ್ಷೆ ಮುಗಿದ್ರೆ ಸರಿಹೋಗುತ್ತೆ, ಎಂದಳು, ಬೇಗ ಬೇಗ. ಒಳ್ಳೇದಾಯ್ತಲ್ಲ ಅಕ್ಕಾ, ಪಕ್ಕದಿಂದ ನರ್ಸು. ಒಳ್ಳೇದಾಯ್ತು, ಎಂದಳು ಅವಳು, ಬಾಯಲ್ಲಿ ಗುಂಡುಸೂಜಿಯ ರುಚಿ, ಹೂಂ, ತುಂಬ ಒಳ್ಳೇದಾಯ್ತು. ಮಗಳ ಎದೆ ಇನ್ನೂ ಏರಿಳಿಯುತ್ತಿದೆ, ಮೆಟ್ಟಿಲು ಹತ್ತಿಯೇ ಬಂದಿದ್ದಾಳೆ, ಎಷ್ಟು ಹೊತ್ತು ಯಾವ ತಿರುವಿನಲ್ಲಿ ಕಪ್ಪು ಗಾಜು ನೋಡುತ್ತಾ ನಿಂತಿದ್ದಳೋ, ಅಷ್ಟು ಹೊತ್ತು ಏನು ಯೋಚಿಸಿದಳೋ, ಬರುವ ಮೊದಲು ಆ ನಗುವನ್ನು ಎಲ್ಲಿ ನಿಂತು ಹಾಕಿಕೊಂಡಳೋ. ಗೊತ್ತು ಅವಳಿಗೆ. ನನಗೂ ಗೊತ್ತು. ಹೇಳುವುದೇನು, ಹೇಳುವ ಮಾತು ಯಾವುದು, ಅಮ್ಮನಿಗೆ ಯಾರೂ ಹೇಳದೇ ಹೋದ ಮಾತು ಯಾವುದು — ಕಾಲು ಮಡಿಚಿ ಉದ್ದನೆಯ ಒರಗುಕುರ್ಚಿಯ ತುದಿಯಲ್ಲಿ ಜಾಗ ಮಾಡಿದಳು, ಕೈ ಅಲ್ಲಾಡಿಸ್ಬೇಡಿ ಅಕ್ಕಾ, ಇಲ್ಲ ಅಲ್ಲಾಡಿಸುವುದಿಲ್ಲ, ಕೂತ್ಕೋ ಬಾರೇ. ನಾನ್ಯಾಕೆ ಕೂತ್ಕೊಳ್ಲಿ, ನಂಗೇನಾಗಿದೆ. ಏನೂ ಆಗಿಲ್ಲ, ಏನಾದ್ರೂ ಆದ್ರೇನೇ ಕೂರ್ಬೇಕಾ, ಸುಮ್ನೆ ಕೂತ್ಕೋ, ಎಷ್ಟು ಹೊತ್ತಾದ್ರೂ ಕೂತ್ಕೋ, ಏಳು ಅಂತ ಯಾರೂ ಅನ್ನಲ್ಲ. ಮಗಳು ಒಂದು ಗಳಿಗೆ ಅವಳನ್ನೇ ನೋಡಿದಳು, ಆಮೇಲೆ ಕೂತಳು, ಭಾರವನ್ನೆಲ್ಲ ಬಿಟ್ಟು, ತಾಯಿಯ ಕಾಲಿಗೆ ಬೆನ್ನು ಆನಿಸಿ, ಆ ಬೆನ್ನಿನ ಬಿಸಿ, ಆ ಉಸಿರು, ಇನ್ನೆಷ್ಟಿದೆಯಮ್ಮಾ ಬಾಟಲಿಯಲ್ಲಿ, ನೋಡ್ತೀನಿ ಇರು, ಎಂದು ಮೇಲೆ ನೋಡಿದಳು, ಕಣ್ಣಲ್ಲ, ಕಣ್ಣು ಇದ್ದಲ್ಲೇ ಇದೆ, ರೆಪ್ಪೆ ಇದ್ದಲ್ಲೇ ಇದೆ, ಮೇಲೆದ್ದದ್ದು ಗಲ್ಲ, ಕಿಟಕಿಯ ಬೆಳಕಿಗೆ ಎದುರಾಗಿ, ನಿಧಾನವಾಗಿ, ಮಹಾರಾಣಿಯ ಹಾಗೆ, ಗಲ್ಲ —