ಉಣ್ಣೆದಾರದ ಅಳತೆ

ಫೋನು ಬಂದಾಗ ಕೆನೆಶ್ ಸಂತೆಯಲ್ಲಿ ಮಾರಾಟಕ್ಕಿಟ್ಟ ಒಂದು ಪುಟ್ಟ ಕೆಂಪು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿ, ಎಣ್ಣೆ ಸೋರಿದೆಯೇ ಎಂದು ಕೈಯಾಡಿಸುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಅವನು ನೋಡುವುದೆಲ್ಲ ಬೆರಳಿನಿಂದಲೇ. ಅವನ ಹೆಂಡತಿಯ ತಮ್ಮ ಒರೋಜ್‌ಬೆಕ್ ನೇಗಿಲುಗಳ ಸಾಲಿನಾಚೆ ಸರಿದು ಫೋನನ್ನು ಕಿವಿಗಿಟ್ಟುಕೊಂಡ. ಮಾತಾಡಿದವನು ಕೆನೆಶನ ಅಣ್ಣ ಸುಯುನ್.

"ಒರೋಜ್, ಮನಸ್ಸು ಗಟ್ಟಿ ಮಾಡ್ಕೊ. ನಿನ್ನ ಅಕ್ಕ ಹೋದಳಪ್ಪ. ಹಾಲು ಕರೆಯೋಕೆ ಕೂತವಳು ಹಸುವಿನ ಮಗ್ಗುಲಿಗೆ ತಲೆ ಆನಿಸಿದಳು. ಅಷ್ಟೇ."

ಒರೋಜ್‌ಬೆಕ್ ಒಂದು ನೇಗಿಲನ್ನು ಹಿಡಿದುಕೊಂಡ. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಟ್ಟರೂ ಬಿಡಲಿಲ್ಲ. "ಭಾವನಿಗೆ?"

"ಹೇಳಬೇಡ. ದಾರೀಲಿ ಇಂಥ ಸುದ್ದಿ ಹೇಳೋದು ನಮ್ಮಲ್ಲಿ ಉಂಟಾ? ಅವನ ಎದೆ ಬೇರೆ ಸರಿ ಇಲ್ಲ. ಮನೆಗೆ ಬರಲಿ, ಹಿರಿಯರೆಲ್ಲ ಎದುರು ಕೂರಿಸಿಕೊಂಡು ಮೆಲ್ಲಗೆ ಹೇಳ್ತೀವಿ. ಅಲ್ಲೀ ತನಕ ನೀನು ಅಳಬಾರದು."

ಟ್ರ್ಯಾಕ್ಟರಿನಡಿಯಿಂದ ಕೆನೆಶನ ದನಿ ಬಂತು. "ಯಾರೋ ಅದು?"

ಸುಳ್ಳಾಗದ ಮಾತಿಗಾಗಿ ಒರೋಜ್‌ಬೆಕ್ ತಡಕಾಡಿದ. "ಸುಯುನಣ್ಣ. ಬೇಗ ಬನ್ನಿ ಅಂದ್ರು."

"ಅವನಿಗೇನು? ಕುದುರೆ ಕೊಳ್ಳೋಕೆ ಹೋದರೆ ಮೂರು ದಿನ ಹಲ್ಲು ನೋಡ್ತಾನೆ. ಇಲ್ಲಿ ಇಪ್ಪತ್ನಾಲ್ಕು ಕುದುರೆ ಒಟ್ಟಿಗೆ ಕೊಳ್ತಾ ಇದೀನಿ."

ಕೆನೆಶ್ ಎದ್ದು, ಬಟ್ಟೆ ಕೊಡವಿ, ಜೇಬಿನಿಂದ ಕಂದು ಉಣ್ಣೆದಾರವೊಂದನ್ನು ತೆಗೆದ. ಹೆಂಡತಿ ಬುರುಲ್ ತಾನೇ ನೂತ ದಾರ. ಹಿಂದಿನ ಸಂಜೆ ಬೆಂಚಿನ ಮೇಲೆ ಕೂತು, ಸೊಂಟದಿಂದ ಹಿಮ್ಮಡಿಯವರೆಗೆ ತನ್ನ ಕಾಲನ್ನು ಅಳೆದು ಗಂಟು ಹಾಕಿ ಗಂಡನ ಕೈಗೆ ಕೊಟ್ಟಿದ್ದಳು. ಗಂಡನಿಗೆ ಇನ್ನು ಹೊಲದ ಸಾಲು ಕಾಣುವುದಿಲ್ಲ. ಈ ಬೇಸಗೆಯಿಂದ ಹುಲ್ಲು ಕೊಯ್ಯುವುದು, ಆಲೂಗಡ್ಡೆ ಕೀಳುವುದು ಎಲ್ಲ ತನ್ನದೇ ಎಂದು ತೀರ್ಮಾನಿಸಿದ್ದಳು. "ಬಣ್ಣ ಯಾವುದಾದರೂ ಇರಲಿ, ನನ್ನ ಕಾಲಿಗೆ ಎಟುಕೋದು ತನ್ನಿ," ಎಂದಿದ್ದಳು.

ಕೆನೆಶ್ ದಾರದ ಒಂದು ತುದಿಯನ್ನು ಸೀಟಿಗೆ ಒತ್ತಿ, ಇನ್ನೊಂದನ್ನು ಕ್ಲಚ್ಚಿನ ಕಡೆಗೆ ಎಳೆದ. ನಾಲ್ಕು ಬೆರಳು ಸಾಲದೆ ಬಂತು. ಪಕ್ಕದ ನೀಲಿ ಟ್ರ್ಯಾಕ್ಟರಿಗೆ ಹೋದ.

"ಇದು ಹದಿನೆಂಟು ಕುದುರೆಶಕ್ತಿದು ಅಜ್ಜ, ಸಣ್ಣದು," ಎಂದ ಮಾರುವವನು. "ಆಲೂಗಡ್ಡೆ ಕೀಳೋವಾಗ ಉಸಿರು ಬಿಡುತ್ತೆ. ಕೆಂಪನ್ನೇ ತಗೊಳ್ಳಿ. ಹಿಂದಕ್ಕೆ ತೋಡುವ ಕೈ ಹಾಕಿಸಿಕೊಂಡರೆ ಎಂಥ ಗುಂಡಿ ಬೇಕಾದರೂ ಗಳಿಗೆಯಲ್ಲಿ."

"ನಮ್ಮೂರಲ್ಲಿ ಗುಂಡಿ ತೋಡೋಕೆ ಗಂಡಸರಿದಾರಪ್ಪ. ಒರೋಜ್, ಹತ್ತೋ. ನಿನ್ನ ಕಾಲೂ ನಿಮ್ಮಕ್ಕನ ಕಾಲೂ ಒಂದೇ ಮೋಟು. ಕೂತು ತುಳಿದು ನೋಡು."

ಒರೋಜ್‌ಬೆಕ್ ಹತ್ತಿ ಕೂತ. ಕ್ಲಚ್ಚು ಸಲೀಸಾಗಿ ಎಟುಕಿತು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೂಟನ್ನು ಸರದಿಯ ಮೇಲೆ ಹಾಕುತ್ತಿದ್ದರು. ಅದು ನೆನಪಾಗಿ ಕಾಲು ಪೆಡಲಿನ ಮೇಲೆಯೇ ನಿಂತುಬಿಟ್ಟಿತು.

"ಹೇಗಿದೆಯೋ?"

"ಚೆನ್ನಾಗಿದೆ ಭಾವ."

"ಈಗ ಕೆಂಪನ್ನ ಹತ್ತು."

ಹತ್ತಿದ. ಅದೂ ಚೆನ್ನಾಗಿದೆ ಎಂದ. ಕೆನೆಶನಿಗೆ ರೇಗಿತು. "ಎಲ್ಲಾ ಚೆನ್ನಾಗಿದ್ದರೆ ನಿನ್ನನ್ನು ಯಾಕೆ ಕರಕೊಂಡು ಬಂದೆ? ನಾಳೆ ಕಾಲು ಎಟುಕದೆ ಇದ್ದರೆ ಬೈಸಿಕೊಳ್ಳೋನು ನಾನು. ನಿಮ್ಮಕ್ಕನ ಬಾಯಿ ನಿನಗೆ ಗೊತ್ತಿಲ್ವಾ? ಇರು, ಅವಳನ್ನೇ ಕೇಳ್ತೀನಿ."

ತಡೆಯುವ ಮೊದಲೇ ಅವನು ಬೆರಳಿನ ಅಂದಾಜಿನಲ್ಲಿ ಗುಂಡಿ ಒತ್ತಿ ಫೋನನ್ನು ಕಿವಿಗಿಟ್ಟಿದ್ದ. ಅದು ಬಾರಿಸಿತು, ಬಾರಿಸುತ್ತಲೇ ಇತ್ತು. ಅಲ್ಲಿ ಮನೆಯ ಕಿಟಕಿಯಲ್ಲಿಟ್ಟ ಫೋನಿನ ಸುತ್ತ ಹೆಂಗಸರು ಮುಟ್ಟಲಾರದೆ ನಿಂತಿರುವುದು ಒರೋಜ್‌ಬೆಕ್‌ಗೆ ಕಣ್ಣಿಗೆ ಕಟ್ಟಿತು.

"ತೆಗೀತಿಲ್ಲ," ಎಂದ ಕೆನೆಶ್. "ಕರುವಿನ ಹಿಂದೆ ಓಡ್ತಿರಬೇಕು."

"ಭಾವ, ನಮಾಜಿನ ಹೊತ್ತಾಯ್ತು. ಬಂದೆ."

ಟ್ರೇಲರುಗಳ ಹಿಂದೆ ಹೋಗಿ ಒರೋಜ್‌ಬೆಕ್ ತನ್ನ ಕೋಟನ್ನು ಹಾಸಿದ. ಹಣೆಯನ್ನು ನೆಲಕ್ಕಿಟ್ಟಾಗ ಕೋಟು ಸರಿದುಹೋಗಿತ್ತು. ಆ ಮಣ್ಣಿನ ಮೇಲೆ, ದನಿ ಹೊರಡದ ಹಾಗೆ ಹಲ್ಲು ಕಚ್ಚಿ ಅತ್ತ. ಮಾಮೂಲಿಗಿಂತ ಬಹಳ ಹೊತ್ತು ತಲೆ ಎತ್ತಲಿಲ್ಲ. ಮರಳಿ ಬಂದಾಗ ಮಾರುವವನು ಅವನ ಮುಖ ನೋಡಿ ನೀರಿನ ಬಾಟಲಿ ಚಾಚಿದ. ಕೆನೆಶನಿಗೆ ಏನೂ ಕಾಣಿಸಲಿಲ್ಲ.

"ನೀಲಿದೇ ಆಗಲಿ," ಎಂದ ಕೆನೆಶ್. "ದೊಡ್ಡದನ್ನು ಅವಳು ತಿರುಗಿಸಲಾರಳು. ಹುಲ್ಲು ಕೊಯ್ಯೋದು, ಆಲೂಗಡ್ಡೆ ಕೀಳೋದು ಎರಡನ್ನೂ ಕಟ್ಟಿಸು. ಮುಂದಕ್ಕೆ ಹಿಮ ತಳ್ಳೋ ಹಲಗೆ. ಚಳಿಗಾಲದಲ್ಲಿ ಕೊಟ್ಟಿಗೆಗೆ ದಾರಿ ಮಾಡೋಕೆ ಅವಳ ಸೊಂಟ ತಡೆಯೋದಿಲ್ಲ." ನಕ್ಕ. "ಮತ್ತೆ ಸೀಟಿಗೊಂದು ಮೆತ್ತೆ."

ಉಣ್ಣೆದಾರ ಕಳೆದುಹೋಗದಿರಲಿ ಎಂದು ಕೆನೆಶ್ ಅದನ್ನು ಕ್ಲಚ್ಚಿನ ಪೆಡಲಿಗೇ ಕಟ್ಟಿದ.

ಲಾರಿಯ ಮೇಲೆ ಟ್ರ್ಯಾಕ್ಟರನ್ನು ಹೇರಿಸಿಕೊಂಡು ಕಣಿವೆ ದಾಟಿ ತಮ್ಮೂರು ಕೋಚ್ಕೋರ್ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಕೆನೆಶ್ ಹುಲ್ಲಿನ ಲೆಕ್ಕ ಹೇಳುತ್ತಲೇ ಇದ್ದ. ಊರಿನ ತಿರುವಿನಲ್ಲಿ ಮಾತು ನಿಲ್ಲಿಸಿ ಕಣ್ಣು ಕಿರಿದು ಮಾಡಿದ.

"ನಮ್ಮ ಅಂಗಳದಲ್ಲಿ ಅದೇನೋ ಬೆಳ್ಳಗೆ? ಬಣವೆಯಾ?"

ಒರೋಜ್‌ಬೆಕ್ ಕಿಟಕಿಯ ಕಡೆ ಮುಖ ತಿರುಗಿಸಿದ.

"ಹುಲ್ಲು ಇನ್ನೂ ಕೊಯ್ದೇ ಇಲ್ಲವಲ್ಲ," ಎಂದ ಕೆನೆಶ್, ತನಗೇ ಎಂಬಂತೆ.

ಅದು ಸಾವಿನ ಮನೆಯ ಮುಂದೆ ಎಬ್ಬಿಸುವ ಉಣ್ಣೆಯ ಗುಡಾರವಾಗಿತ್ತು. ಲಾರಿ ನಿಂತಿತು. ಒಳಗಿನಿಂದ ಹೆಂಗಸರು ಹಾಡಿಕೊಂಡು ಅಳುವುದು ಕೇಳಿಸಿತು. ಹಿರಿಯರು ಬೇಲಿಯವರೆಗೂ ಬಂದಿದ್ದರು. ಸುಯುನ್ ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಒರೋಜ್‌ಬೆಕ್ ಇಷ್ಟು ಹೊತ್ತು ತಡೆದಿಟ್ಟಿದ್ದ ಕೂಗು ತಾನಾಗಿಯೇ ಹೊರಬಂತು. "ಓ ನನ್ನ ಅಕ್ಕಾ!"

ಕೆನೆಶ್ ಇಳಿದು, ಲಾರಿಯ ಅಂಚನ್ನು ತಡವುತ್ತ ಹಿಂದಕ್ಕೆ ಹೋಗಿ, ಕೈ ಮೇಲೆ ಚಾಚಿ ಪೆಡಲಿಗಾಗಿ ಹುಡುಕಿದ. ಎಟುಕಲಿಲ್ಲ. ಒರೋಜ್‌ಬೆಕ್ ಹತ್ತಿ ದಾರವನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟ.

"ಅವಳ ಕಾಲಿನ ಅಳತೆ ನೋಡೋಕೆ ಎರಡು ಸಲ ಹತ್ತಿಸಿದೆನಲ್ಲೋ ನಿನ್ನ," ಎಂದ ಕೆನೆಶ್.

ಸುಯುನ್ ಪ್ರಾರ್ಥನೆಗೆ ಅಂಗೈಗಳನ್ನು ಬಿಚ್ಚಿ ಹಿಡಿದ. ಎಲ್ಲರೂ ಹಿಡಿದರು. ಕೆನೆಶನ ಒಂದು ಅಂಗೈಯಲ್ಲಿ ದಾರವಿತ್ತು.

"ಅಲ್ಲಾಹನೇ, ನಿನ್ನ ದಾಸಿ ಬುರುಲ್‌ಳ ತಪ್ಪುಗಳನ್ನು ಮನ್ನಿಸು. ಅವಳು ಮಲಗುವ ಜಾಗ ಬೆಳಕಾಗಲಿ. ಅವಳ ಮೇಲಿನ ಮಣ್ಣು ರೇಷ್ಮೆಯಾಗಲಿ. ಆಮೀನ್."