ಎಚ್ಚರಿಕೆಯ ಪುಟ

ಕೀಬೋರ್ಡಿನ ಮೇಲೆ ಬಿಸಿಲು ಬಿದ್ದಿದೆ, ಅಕ್ಷರಗಳ ಸಂದಿಯ ಧೂಳೆಲ್ಲ ಕಾಣುತ್ತಿದೆ, ಒರೆಸಬೇಕು, ಆಮೇಲೆ — ಈಗ ಈ ಒಂದು ಸಾಲು, ಹಳೆ ವಿಳಾಸದಿಂದ ಹೊಸ ವಿಳಾಸಕ್ಕೆ, ಯಾರಾದರೂ ಕಂಪನಿಯ ಹಳೆ ಪುಟ ಒತ್ತಿದರೆ ಹೊಸ ವೆಬ್‌ಸೈಟಿನ ಅದೇ ಪುಟಕ್ಕೆ ತಾನಾಗಿ ಹೋಗಬೇಕು, ಬೆಳಿಗ್ಗೆಯಿಂದ ಅದೇ ಮಾಡಿದ್ದೇನೆ, ಮಿಕ್ಸಿಯದು ಮಿಕ್ಸಿಗೆ, ಫ್ಯಾನಿನದು ಫ್ಯಾನಿಗೆ, ಉಳಿದಿರುವುದು ಹೀಟರಿನ ಎಚ್ಚರಿಕೆಯ ಪುಟ, ಈ ಮಾಡೆಲ್ ಬಳಸಬೇಡಿ, ಶಾಕ್ ಹೊಡೆಯುತ್ತದೆ, ವಾಪಸ್ ಕೊಡಿ — ಅದನ್ನ ಮುಖಪುಟಕ್ಕೆ ತಿರುಗಿಸಿಬಿಡಮ್ಮ, ಮ್ಯಾನೇಜರು ನಿನ್ನೆ ಬೆಣ್ಣೆ ಸವರಿದ ದನಿಯಲ್ಲಿ ಅಂದರು, ಹಳೇ ಕಥೆ ಯಾರಿಗೆ ಬೇಕು, ಮುಖಪುಟ ಚೆನ್ನಾಗಿದೆಯಲ್ಲ, ಚೆನ್ನಾಗಿದೆ ಸಾರ್, ಹೊಸ ಹೀಟರಿನ ಪಕ್ಕ ಹಲ್ಲು ಕಿರಿಯುವ ಸಂಸಾರ, ಆದರೆ ಹಳೆ ವಿಳಾಸ ಅಚ್ಚಾಗಿರುವುದು ಹೀಟರಿನ ಮೈಮೇಲೆ, ಜನರ ಬಚ್ಚಲಲ್ಲಿ, ಅಲ್ಲಿಂದ ಹೇಗೆ ಅಳಿಸ್ತೀರಿ, ಕೇಳಿದೆ, ನಿನ್ನ ಕೆಲಸ ನೀನು ನೋಡ್ಕೋ ಅಂದು ಹೋದರು — ನೋಡಿಕೊಳ್ಳುತ್ತಿದ್ದೇನೆ, ಇದೇ ನನ್ನ ಕೆಲಸ, ದಾರಿ ಕೇಳಿದವರನ್ನು ಅಂಗಡಿಗೆ ನುಗ್ಗಿಸಲಾರೆ, ನಮ್ಮತ್ತೆ ಈ ಪುಟ ನೋಡಿರಲಿಲ್ಲ, ಇದೇ ಹೀಟರನ್ನು ಬಕೆಟ್ಟಿಗೆ ಇಳಿಸಿ, ಸ್ವಿಚ್ ಹಾಕಿ, ನೀರು ಕಾಯಿತಾ ಅಂತ ಕೈ ಅದ್ದಿದರು, ಬಲಗೈಯ ಎರಡು ಬೆರಳು ಇವತ್ತಿಗೂ ಮಡಚಲ್ಲ, ರೇಗಿಸಿದರೆ, ನಿನ್ನ ಕಿವಿ ಹಿಂಡೋಕೆ ಮಿಕ್ಕಿದ್ದೇ ಸಾಕು ಅಂತಾರೆ, ನಿನ್ನೆ ರಾತ್ರಿ ಹೇಳಿದೆ, ಕೆಲಸ ಹೋಗಬಹುದು ಅತ್ತೆ, ಬಟ್ಟೆ ಮಡಚುತ್ತಲೇ, ಹೋದ್ರೆ ಹೋಗ್ಲಿ ಬಿಡೇ, ಬೇರೆ ಕಡೆ ಅನ್ನ ಹುಟ್ಟಲ್ವಾ ಅಂದರು — ಟೈಪ್ ಮಾಡುತ್ತೇನೆ, ಹಳೆ ಪುಟ, ಅದರ ಮುಂದೆ ಹೊಸ ಎಚ್ಚರಿಕೆಯ ಪುಟ, ಅದನ್ನೂ ನಾನೇ ಏರಿಸಿದ್ದೇನೆ, ಒಂದಕ್ಷರ ಬಿಡದೆ, ಈ ತಿರುವು ತಾತ್ಕಾಲಿಕವೋ ಶಾಶ್ವತವೋ ಅಂತ ಕೇಳುತ್ತಿದೆ ಮಷೀನು, ಶಾಶ್ವತ ಕಣಪ್ಪ, ಶಾಶ್ವತ, ಒತ್ತಿದೆ, ಆಯಿತು — ಬೆನ್ನ ಹಿಂದೆ ಸೆಂಟಿನ ವಾಸನೆ, ಮ್ಯಾನೇಜರು, ಏನಮ್ಮ ಮಾಡಿದೆ, ಸರಿಯಾದ ಕಡೆ ಕಳಿಸಿದೆ ಸಾರ್, ತೆಗಿ ಅದನ್ನ, ತೆಗೆಯಲ್ಲ ಸಾರ್, ಬೇಕಾದ್ರೆ ನೀವೇ ತೆಗೀರಿ, ನಿಮ್ಮ ಹೆಸರಲ್ಲಿ, ನಿಮ್ಮ ಕೈಯಾರೆ — ಎದ್ದು ಕುರ್ಚಿ ಬಿಟ್ಟುಕೊಟ್ಟೆ, ಮೌಸ್ ಅವರ ಕಡೆ ತಳ್ಳಿದೆ, ಅಷ್ಟರಲ್ಲಿ ಪರದೆಯ ಕೆಳಗೆ, ಯಾರು ಯಾವ ಪುಟ ತೆರೆದರು ಅಂತ ತೋರಿಸುವ ಪಟ್ಟಿಯಲ್ಲಿ, ಹೊಸ ಸಾಲೊಂದು ಮೂಡಿತು, ಯಾರೋ ಹಳೆ ವಿಳಾಸ ಒತ್ತಿದ್ದಾರೆ, ಎಚ್ಚರಿಕೆಯ ಪುಟ ತೆರೆದಿದೆ, ಮ್ಯಾನೇಜರೂ ನೋಡಿದರು, ಮೌಸಿಗೆ ಚಾಚಿದ್ದ ಕೈ ಪ್ಯಾಂಟಿನ ಜೇಬಿಗೆ ಇಳಿಯಿತು, ನಾಳೆಯಿಂದ ಬರಬೇಡ ಅಂತಲೋ ಏನೋ ಅನ್ನುತ್ತಿದ್ದಾರೆ, ಅನ್ನಲಿ, ನನ್ನ ಕಣ್ಣ ಮುಂದೆ ಯಾರದೋ ಬಚ್ಚಲು, ಒದ್ದೆ ನೆಲ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸ್ವಿಚ್ಚಿನ ಹತ್ತಿರ, ಓದುತ್ತಿದ್ದಾರೆ, ಇನ್ನೊಂದು ಕೈ, ಒದ್ದೆ ಕೈ, ಸ್ವಿಚ್ಚಿನ ಹತ್ತಿರ, ಮುಟ್ಟದೆ ನಿಂತ ಆ ಕೈ